ವಿಶೇಷ: ಏನೂ ಇಲ್ಲ

ಕೆಳಗಿನ ನಿಲ್ದಾಣದಿಂದ ಮೇಲಿನ ಗಣಿಗೆ
ಒಂದು ಸಲಕ್ಕೆ ಆರು ನಿಮಿಷ.
ಹಗ್ಗ ತನ್ನ ಪಾಡಿಗೆ ತಾನು ಎಳೆಯುತ್ತದೆ.
ಬಾಗಿಲು ಹಾಕುವುದು, ಗಂಟೆ ಬಾರಿಸುವುದು,
ಹೊರಗೆ ಬಗ್ಗುವ ಹುಡುಗರನ್ನು ಗದರುವುದು ನನ್ನ ಕೆಲಸ.
ಮಿಕ್ಕ ಹೊತ್ತಿನಲ್ಲಿ ಒಂದು ಸಾಲು,

ಬಂದರೆ.

ಎಡಜೇಬಿನಲ್ಲಿ ಹತ್ತು ಅಕ್ರೋಟು ತುಂಬಿಕೊಂಡು ಬರುತ್ತೇನೆ.
ಒಂದು ಸಾಲಿಗೆ ಒಂದು, ಬಲಜೇಬಿಗೆ.
ಬಲಜೇಬಿನವು ಮಾತ್ರ ಸಂಜೆ ನನ್ನವು:
ಇದು ನನಗೂ ನನಗೂ ಆದ ಕರಾರು.
ಎಷ್ಟೋ ದಿನ ಎಡದ್ದನ್ನೇ ಒಡೆದು ತಿಂದು
ಚಿಪ್ಪನ್ನು ಕ್ವಿರಿಲಾ ಹೊಳೆಗೆ ಎಸೆದಿದ್ದೇನೆ,
ಸಾಕ್ಷಿ ಉಳಿಯಬಾರದೆಂದು.

ಹುಟ್ಟಿದ್ದೂ ಇದೇ ಚಿಯಾತುರಾದಲ್ಲಿ.
ಮ್ಯಾಂಗನೀಸಿನ ಕರಿಧೂಳು ರಾತ್ರಿಯೆಲ್ಲ ಇಳಿದು
ಹಾಲಿನ ಮುಚ್ಚಳ, ತಂತಿಯ ಮೇಲಿನ ಅಪ್ಪನ ಅಂಗಿ,
ಬೆಕ್ಕಿನ ಬೆನ್ನು, ಯಾವುದನ್ನೂ ಬಿಡುತ್ತಿರಲಿಲ್ಲ.
ನನಗೆ ಐದು ವರ್ಷ. ಮನೆಯ ಕಾಗದವೆಲ್ಲ
ಶಾಲೆಗೆ ಹೋಗುವ ಅಣ್ಣ ಜುಂಬೇರನದು.
ನನಗೆ ಕಿಟಕಿಯ ಅಂಚು.

ನಮ್ಮ ಅಕ್ಷರಗಳು ನೆಟ್ಟಗೆ ನಿಲ್ಲುವಂಥವಲ್ಲ,
ಬಕೆಟಿನ ಹಿಡಿಯಂತೆ, ಕುರಿಯ ಕಿವಿಯಂತೆ
ಬಾಗಿ, ಬಳಸಿ, ಮತ್ತೆ ಬಾಗಿ,
ಕೊನೆಗೆ ಬೆರಳ ತುದಿಯೂ ಕಪ್ಪು, ಮೂಗಿನ ತುದಿಯೂ.

ಸಂಜೆ ಅಮ್ಮ ಒದ್ದೆಬಟ್ಟೆ ಹಿಡಿದು ಬರುತ್ತಿದ್ದಳು.
ಅಕ್ಷರವೆಂದರೆ ಅಳಿಯದ್ದಂತೆ,
ಅವಳ ಬಟ್ಟೆಗೆ ಆ ಮಾತು ಗೊತ್ತಿರಲಿಲ್ಲ.
ಮೊದಮೊದಲು ಅತ್ತೆ. ಆಮೇಲೆ ಬಿಟ್ಟೆ:
ಬೆಳಗಾಗುವುದರಲ್ಲಿ ಗಣಿ
ಹೊಸ ಹಾಳೆ ಹಾಸಿಟ್ಟಿರುತ್ತಿತ್ತು.

ಒಮ್ಮೆ, ಏಳು ವರ್ಷವಿದ್ದಾಗ, ಉದ್ದದ್ದೊಂದು ಪದ ಬರೆದೆ.
ಸಂಜೆ ಎಲ್ಲ ಒರೆಸಿತ್ತು,
ನಡುವೆ ಒಂದೇ ಒಂದು ಅಕ್ಷರ ಬಿಟ್ಟು,
ರೊಟ್ಟಿಯ ಚೂರಿನಷ್ಟು ಧೂಳಿನಲ್ಲಿ ಅದೊಂದೇ.
ಮರೆತಳೇನೋ ಅಂದುಕೊಂಡೆ.
ಮಾರನೆಯ ದಿನ ಹೊಸ ಧೂಳಿನಡಿ
ಅದು ಮಸುಕಾಗುವ ಹೊತ್ತಿಗೆ ಹೊಳೆಯಿತು,
ತಪ್ಪಿದ್ದು ಅದೊಂದೇ.

ಹಾಗಾದರೆ ಓದುತ್ತಿದ್ದಳು!
ಇಷ್ಟು ದಿನ, ಪ್ರತಿದಿನ,
ಅಳಿಸುವ ಬಟ್ಟೆ ಕೈಯಲ್ಲಿ ಹಿಡಿದೇ.

ಆಮೇಲಿನ ಆ ವರ್ಷಗಳು. ಕರೆಂಟಿಲ್ಲ, ಸೌದೆಯಿಲ್ಲ,
ಸಾಲೆಂದರೆ ಬ್ರೆಡ್ಡಿನ ಮುಂದಿನ ಸಾಲು.
ಗಣಿ ನಿಂತಿತು. ಹಗ್ಗ ನಿಂತಿತು,
ಪೆಟ್ಟಿಗೆಗಳು ಕಣಿವೆಯ ನಡುವೆ ನೇತಾಡುತ್ತ ತುಕ್ಕು ಹಿಡಿದವು.
ಧೂಳೂ ನಿಂತಿತು.
ಅಮ್ಮ ಆದರೂ ಅಂಚು ಒರೆಸುತ್ತಿದ್ದಳು,
ಒರೆಸಿದ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು,
ಬೆಳ್ಳಗಿದೆಯೆಂದು ಬೈಯುತ್ತಿದ್ದಳು.

ಹನ್ನೊಂದು ವರ್ಷ ನಾನು ಏನೂ ಬರೆಯಲಿಲ್ಲ.
ಕೇಳಿದವರಿಗೆ ಪೆನ್ಸಿಲ್ಲಿಲ್ಲ ಎಂದೆ.
ಪೆನ್ಸಿಲ್ಲಿತ್ತು.

ಮತ್ತೆ ಶುರುವಾದದ್ದರಲ್ಲಿ ಹೇಳುವಂಥದ್ದೇನಿಲ್ಲ.
ಅಮ್ಮ ಹೋದ ಚಳಿಗಾಲದಲ್ಲಿ ಈ ಕೆಲಸ ಸಿಕ್ಕಿತು,
ಜೊತೆಗೆ ಒಂದು ದಾಖಲೆ ಪುಸ್ತಕ:
ಹೊತ್ತು, ಗಾಳಿ, ಜನ, ವಿಶೇಷ.
ಕೊನೆಯ ಕಾಲಮ್ಮು ಸುಮ್ಮನೆ ಅಗಲ.
ಮೊದಲ ದಿನ 'ಏನೂ ಇಲ್ಲ' ಎಂದು ಬರೆದೆ.
ಎರಡನೆಯ ದಿನ, 'ಏನೂ ಇಲ್ಲ. ಒಬ್ಬಾಕೆ
ನಿಲುವುಗನ್ನಡಿ ಹೊತ್ತು ಬಂದಳು,
ದಾರಿಯುದ್ದಕ್ಕೂ ಕಣಿವೆ ಎರಡಿತ್ತು.'

ತಪಾಸಣೆಯ ಅವ್ತಾಂದಿಲ್ ಪುಟ ತಿರುವಿದ,
ತಿರುವಿ ಹಿಂದಕ್ಕೆ ಹೋದ, ಮತ್ತೆ ಮುಂದಕ್ಕೆ ಬಂದ.
'ಮೂರನೇ ತಾರೀಕಿನ ಗಾಳಿ ಬರೆದಿಲ್ಲ' ಎಂದ.
ಸಹಿ ಹಾಕಿದ. ಬಾಗಿಲಲ್ಲಿ ನಿಂತು,
'ಆ ಕನ್ನಡಿ ಒಡೆಯದೆ ಮುಟ್ಟಿತೇ?' ಎಂದ.

ಸ್ಫೂರ್ತಿ ಎನ್ನುವವರನ್ನು ಕಂಡಿದ್ದೇನೆ,
ನನ್ನ ಪೆಟ್ಟಿಗೆಗೆ ಅದು ಇನ್ನೂ ಹತ್ತಿಲ್ಲ.
ಬೈದುಕೊಳ್ಳುತ್ತೇನೆ, ಪುಸಲಾಯಿಸಿಕೊಳ್ಳುತ್ತೇನೆ,
ಏಳು ವರ್ಷದವಳ ಕೈ ಹಿಡಿದು ತಂದು
ಬೆಂಚಿನ ಮೇಲೆ ಕೂರಿಸುತ್ತೇನೆ. ಕೂತು ಕಾಲಾಡಿಸುತ್ತಾಳೆ.

ಇವತ್ತು ನಾಲ್ಕು ಸುತ್ತಾಯಿತು.
ಪದವೊಂದು ಬಾಗಿಲು ತಟ್ಟಿ ತಟ್ಟಿ ಓಡಿಹೋಗುತ್ತಿದೆ,
ಅಕ್ರೋಟು ಹತ್ತಕ್ಕೆ ಹತ್ತೂ ಎಡಕ್ಕೇ ಇವೆ.
ಕೆಳಗಿನ ಗಂಟೆ. ದೊದೊ ಬಂದಿದ್ದಾಳೆ,
ಚೀಲದೊಳಗೆ ಜೀವಂತ ಕೋಳಿ, ತಲೆ ಮಾತ್ರ ಹೊರಗೆ,
ನನ್ನನ್ನೇ ನೋಡುತ್ತಿದೆ.

ಗಾಳಿ: ನಾಲ್ಕು.
ಜನ: ಒಬ್ಬಳು.
ಕೋಳಿಯನ್ನು ಎಲ್ಲಿ ಬರೆಯಲಿ?