ಕಮ್ಮಿಯ ಲೆಕ್ಕ

ಜನವರಿಯ ನಸುಕು. ಶಿರವಾಡ ಸ್ಟೇಷನ್ನಿನಲ್ಲಿ
ಚೀಲ ಕೆಳಗಿಟ್ಟಾಗ ಚಹಾದವನು ಕೇಳಿದ:
ಒಳಗೇನು, ಬಂದೂಕೇ?
ಹದಿನಾಲ್ಕು ಕೋಲು, ಅಂದೆ.
ಐದು ನನ್ನವು. ಉಳಿದವು
ನೌಕಾನೆಲೆಯ ಕಮಾಂಡರನ ಹೆಂಡತಿ
ವರ್ಗವಾಗಿ ಹೋಗುವಾಗ ಬಿಟ್ಟುಹೋದವು.
ಹಿಡಿಯಲ್ಲಿ ಅವರ ಹೆಬ್ಬೆರಳಿನ ಸವೆತ ಇನ್ನೂ ಇದೆ.

ಮಾವಶಿಗೆ ಈ ಆಟ ತಿಳಿಯುವುದಿಲ್ಲ.
ಮೀನು ಮಾರ್ಕೆಟ್ಟಿನ ಕಟ್ಟೆಯ ಮೇಲೆ ಮೂವತ್ತು ವರ್ಷ
ಹೆಚ್ಚು ಹೇಳಿ, ಹೆಚ್ಚು ಎಣಿಸಿ, ಬದುಕಿದವಳು.
ಕಮ್ಮಿ ಹೊಡೆದವಳೇ ಗೆಲ್ಲುವುದು ಅಂದರೆ
ಬಂಗಡೆಯ ಕಿವಿರು ಎತ್ತಿ ನೋಡುವ ಹಾಗೆ ನನ್ನ ನೋಡಿ,
"ಹಾಗಾದರೆ ಮನೆಯಲ್ಲೇ ಇರು, ಒಂದೂ ಹೊಡೆಯಬೇಡ."
ಆಮೇಲೆ ಸೆರಗಿನ ಗಂಟು ಬಿಚ್ಚಿ
ಎಂಟ್ರಿ ಫೀಸು ಎಣಿಸಿದಳು, ಎರಡು ಸಲ.
ಪುಣೆಯ ಕ್ಲಬ್ಬಿನ ಗುಮಾಸ್ತ ಆ ಕಟ್ಟನ್ನು
ಎರಡೇ ಬೆರಳಲ್ಲಿ ಹಿಡಿದ. ಸಿಗಡಿ ವಾಸನೆ.

ದೊಡ್ಡ ಟೂರಲ್ಲ ಇದು.
ದೊಡ್ಡದರ ಬಾಗಿಲಲ್ಲಿ ಚಪ್ಪಲಿ ಬಿಡುವ ಜಾಗ.
ಟಿವಿ ಇಲ್ಲ, ಹಗ್ಗ ಕಟ್ಟಿ ತಡೆಯಬೇಕಾದಷ್ಟು ಜನವಿಲ್ಲ,
ಚಪ್ಪಾಳೆ ತಟ್ಟುವವನು ಹುಲ್ಲಿಗೆ ನೀರು ಬಿಡುವವನು.
ಮೂವತ್ತೆಂಟು ಹುಡುಗಿಯರು, ಹನ್ನೊಂದು ಊರು,
ಕೊನೆಗೆ ಮೇಲಿನ ಐದು ಹೆಸರಿಗೆ ಕಾರ್ಡು.

ಪುಣೆ: ಕಟ್ ತಪ್ಪಿತು, ಎರಡು ಹೊಡೆತಕ್ಕೆ.
ಅಹಮದಾಬಾದ್: ಒಂದಕ್ಕೆ.
ಮೈಸೂರಲ್ಲಿ ಹತ್ತೊಂಬತ್ತನೆಯವಳು;
ಬಂದದ್ದು ಕ್ಯಾಡಿಗೆ, ಲಾಡ್ಜಿಗೆ, ಒಂದು ಎಡಗೈ ಗವಸಿಗೆ.
ಜಮ್‌ಶೆಡ್‌ಪುರದಲ್ಲಿ ಅರವತ್ತೊಂಬತ್ತು!
ಮಾರನೆಯ ದಿನ ಎಂಬತ್ತೆರಡು.
ಫೋನಿನಲ್ಲಿ ಅಪ್ಪ ಕೇಳಿದ್ದು ಒಂದೇ:
ಗಾಳಿ ಎತ್ತಣದಿತ್ತು?

ತಾಂಡೇಲನ ಮಗಳು ನಾನು.
ಉಳಿದವರು ಹುಲ್ಲು ಕಿತ್ತು ಹಾರಿಸಿ ನೋಡುತ್ತಾರೆ,
ನಾನು ಕಿವಿಯ ಹಿಂದಿನ ಬೆವರು
ಯಾವ ಕಡೆ ಮೊದಲು ತಣ್ಣಗಾಯಿತು ಅಂತ.
ಸುಕತಿಯ ಹೊತ್ತಿಗೆ ಗಟ್ಟಿಯಾದ ಮರಳಿನಲ್ಲಿ ಕಲಿತವಳು,
ಭರತಿ ಬಂದರೆ ಪಾಠ ಮುಗಿಯಿತು.
ಬೇಲಿಯೊಳಗಿನ ಒಂಬತ್ತು ಕುಳಿಯ ಮೈದಾನಕ್ಕೆ
ಮೊದಲು ಹೋದದ್ದು ಅಮ್ಮನ ಜೊತೆ, ಕಳೆ ಕೀಳಲು.
ನಾಲ್ಕನೆಯ ಗ್ರೀನಿನ ಹತ್ತಿರ ಅಮ್ಮ ಯಾವಾಗಲೂ ನಿಧಾನ.
ಅಲ್ಲೇ ಎಲ್ಲೋ ಅಜ್ಜಿಯ ಬಾವಿ ಇತ್ತಂತೆ.
ಇವತ್ತಿಗೂ ಅಲ್ಲಿ ಪಟ್ ಹಾಕುವಾಗ
ಚೆಂಡು ಯಾಕೋ ಬಲಕ್ಕೆ ವಾಲುತ್ತದೆ;
ಇಳಿಜಾರು, ಅಷ್ಟೇ.

ಫುಲ್‌ಮಣಿ ಜಾರ್ಖಂಡಿನವಳು, ಕ್ಯಾಡಿಯ ಮಗಳು.
ಏಳು ಊರಿನಲ್ಲಿ ಒಂದೇ ಮಂಚ ನಮ್ಮಿಬ್ಬರಿಗೆ,
ನಡುವೆ ಪಟರುಗಳನ್ನು ಮಕ್ಕಳಂತೆ ಮಲಗಿಸಿ.
ಕೆಟಲಿನಲ್ಲಿ ಮೊಟ್ಟೆ ಬೇಯಿಸುತ್ತಿದ್ದಳು,
ನಾನು ತಂದ ಒಣ ಸಿಗಡಿ ಚಟ್ನಿಗೆ ಬೆರಳು ಚೀಪುತ್ತಿದ್ದಳು.
ಕೊನೆಯ ವಾರ, ಕೊನೆಯ ಕುಳಿ, ಒಂದೇ ಗುಂಪಿನಲ್ಲಿ ನಾವು.
ಅವಳದು ಒಳಗೆ ಹೋಯಿತು.
ನನ್ನದು ಅಂಚು ಸುತ್ತಿ, ನೋಡಿ, ಹೊರಗೇ ನಿಂತಿತು.
ಅವಳು ಐದು, ನಾನು ಆರು.
ಆ ರಾತ್ರಿ ನಲ್ಲಿ ಬಿಟ್ಟುಕೊಂಡು ಬಚ್ಚಲಲ್ಲಿ ಅತ್ತವಳು
ಅವಳು. ನಾನು ಮೊಟ್ಟೆ ಬೇಯಿಸಿದೆ.

ನವೆಂಬರಿನಲ್ಲಿ ಮನೆ. ರಂಪಣಿ ಎಳೆಯುತ್ತಿದ್ದರು,
ಹಗ್ಗಕ್ಕೆ ನಾನೂ ಕೈ ಹಾಕಿದೆ.
ಹನ್ನೊಂದು ಊರು ಕೊಟ್ಟ ಜಡ್ಡು ಬೇರೆ ಕಡೆ ಇತ್ತು,
ಅಂಗೈ ಹೊಸದಾಗಿ ಸುಲಿಯಿತು.
ಬಲೆ ದಡಕ್ಕೆ ಬಂತು: ತಾರ್ಲೆ, ನಾಲ್ಕು ಏಡಿ,
ಯಾರದೋ ಪ್ಲಾಸ್ಟಿಕ್ ಚಪ್ಪಲಿ,
ಮತ್ತೆ ಒಂದು ಚೆಂಡು.
ಮೈತುಂಬ ಚಿಪ್ಪುಹುಳ ಮನೆ ಕಟ್ಟಿದ್ದವು.
ಉಗುರಿನಿಂದ ಕೆರೆದರೆ ಮೂರು ಕೆಂಪು ಚುಕ್ಕೆ,
ಅಕ್ಕನ ನೇಲ್‌ಪಾಲಿಶ್ ಕದ್ದು
ಹನ್ನೆರಡರಲ್ಲಿ ನಾನು ಇಟ್ಟ ಗುರುತು.

ಮಾವಶಿ ಅಂಗೈಯಲ್ಲೇ ತೂಗಿ ನೋಡಿದಳು.
ಒಂದು ಬಂಗಡೆಯಷ್ಟೂ ಇಲ್ಲ.
"ಇಷ್ಟು ವರ್ಷಕ್ಕೆ ತಾನೇ ವಾಪಸು ಬಂತಲ್ಲ,
ಅದನ್ನೂ ಲೆಕ್ಕಕ್ಕೆ ಹಿಡೀತಾರಾ?"
ನೀರಿಗೆ ಬಿದ್ದರೆ ಒಂದು ಜಾಸ್ತಿ ಮಾವಶಿ, ಅಂದೆ.
"ಜಾಸ್ತಿ ಅಂದರೆ ಒಳ್ಳೇದಾ, ಕೆಟ್ಟದ್ದಾ?"
ಅಷ್ಟರಲ್ಲಿ ಹರಾಜು ಕೂಗಿದರು,
ಚೆಂಡನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿದಳು.