ಹನ್ನೊಂದು ಚುಕ್ಕಿ

ಮಧ್ಯಾಹ್ನ ಒಂದೂವರೆಗೆ ಅದು ನಮ್ಮ ನೆತ್ತಿಯ ಮೇಲೆ ಹಾಯುತ್ತದೆ,
ಎಂಟುನೂರು ಕಿಲೋಮೀಟರ್ ಎತ್ತರದಲ್ಲಿ,
ಯಾರ ಹಂಗೂ ಇಲ್ಲದೆ, ತನ್ನ ಪಾಡಿಗೆ ತಾನು.
ಪಾಲಂಕಾರಾಯಾದ ಕಚೇರಿಯಲ್ಲಿ ನಾನು
ಊಟದ ಡಬ್ಬಿ ಮುಚ್ಚಿ ಪರದೆ ತೆರೆಯುತ್ತೇನೆ.

ಒಂದು ಚೌಕವೆಂದರೆ ಮುನ್ನೂರ ಎಪ್ಪತ್ತೈದು ಮೀಟರು.
ಒಂದು ಶಾಲೆ, ಅದರ ಮೈದಾನ, ಹಲಗೆ ಹಾಸಿದ ಹಾದಿ,
ಎರಡು ರಬ್ಬರ್ ತೋಟ, ಅವುಗಳ ನಡುವಿನ ಬೇಲಿಯ ಜಗಳ
ಎಲ್ಲ ಅದರೊಳಗೆ ಹಿಡಿಸುತ್ತದೆ.
ಬಿಸಿಯಿದ್ದರೆ ಕೆಂಪು ಚುಕ್ಕಿ.
ಇಲ್ಲದಿದ್ದರೆ ಏನೂ ಇಲ್ಲ.

ಆಗಸ್ಟಿನಲ್ಲಿ ನಕ್ಷೆಗೆ ದಡಾರ ಎದ್ದಿತ್ತು.
ಇವತ್ತು ಎಣಿಸಿದೆ: ಹನ್ನೊಂದು.
ಮತ್ತೊಮ್ಮೆ ಎಣಿಸಿದೆ.
'ಬರೀ ಹನ್ನೊಂದಾ!' ಎಂದರು ಮುಖ್ಯಸ್ಥ ಹೆರ್ಸೋನ್,
ಜಕಾರ್ತಕ್ಕೆ ತಾವೇ ಫೋನ್ ಮಾಡಿದರು, ನಿಂತುಕೊಂಡು.
ಕಿಟಕಿಯಾಚೆ ಕಹಾಯನ್ ನದಿಯ ಸೇತುವೆ ಇರಲಿಲ್ಲ.
ಅದರ ಮೇಲೆ ಹೋಗುವ ಲಾರಿಗಳ ಹಾರನ್ನು ಮಾತ್ರ ಇತ್ತು.

ಹೊಗೆ ದಟ್ಟವಾದರೆ ಯಂತ್ರ ಅದನ್ನು ಮೋಡ ಅನ್ನುತ್ತದೆ,
ಮೋಡದ ಕೆಳಗೆ ಎಣಿಸುವುದಿಲ್ಲ.
ಬೆಂಕಿಯಿಲ್ಲದೆ ಹೊಗೆಯಾಡದು, ನಿಜ.
ನನ್ನ ಪರದೆಯಲ್ಲಿ
ಹೊಗೆಯಿದೆ, ಅದಕ್ಕೇ ಬೆಂಕಿಯಿಲ್ಲ.

ನಮ್ಮ ನೆಲ ಮಣ್ಣಲ್ಲ.
ಎಷ್ಟೋ ಸಾವಿರ ಮಳೆಗಾಲ ನೀರೊಳಗೆ ಕೊಳೆಯದೆ ಕೂತ
ಎಲೆ, ಬೇರು, ಬಿದ್ದ ಮರ.
ಭತ್ತ ಬೆಳೆಯುತ್ತೇವೆಂದು ಕಾಲುವೆ ತೋಡಿ ನೀರು ಬಸಿದರು.
ಭತ್ತ ಬರಲಿಲ್ಲ. ಬಸಿದ ನೀರೂ ಬರಲಿಲ್ಲ.
ಈಗ ಅಲ್ಲಿ ಬೂದಿ ಮುಚ್ಚಿದ ಕೆಂಡ ಗಾದೆಯಲ್ಲ, ವಿಳಾಸ.
ಬೆಂಕಿ ಗೇಣುಗೇಣಾಗಿ ಅಡಿಯಲ್ಲೇ ತೆವಳುತ್ತದೆ.
ಮೇಲೆ ಮರ ಹಸಿರಾಗಿಯೇ ನಿಂತಿರುತ್ತದೆ,
ಒಂದು ಸಂಜೆ, ಗಾಳಿ ಬೀಸದೆಯೂ, ಉರುಳುತ್ತದೆ.

ಎರಡೂ ಕಾಲಿಗೆ ಮಿನಾ ಸೆರ್ಲಿ ಫೋನ್ ಮಾಡಿದಳು.
ತುಂಬಾಂಗ್ ಲಾಪಾನ್‌ನ ಪಂಪು ಅವಳದು, ಪಂಪು ಹೊರುವ ಆರು ಹೆಂಗಸರೂ.
(ಮಿನಾ ಎಂದರೆ ಚಿಕ್ಕಮ್ಮ. ಎಲ್ಲರಿಗೂ ಅವಳು ಚಿಕ್ಕಮ್ಮ.)
'ನಿನ್ನ ನಕ್ಷೆಯಲ್ಲಿ ಇದ್ದೇವಾ?'
'ಇಲ್ಲ, ಮಿನಾ.'
'ನಿನ್ನೆ?'
'ನಿನ್ನೆಯೂ ಇಲ್ಲ.'
ಕೆಮ್ಮಿದಳು, ಆಮೇಲೆ ನಕ್ಕಳು, ಆಮೇಲೆ ಮತ್ತೆ ಕೆಮ್ಮಿದಳು.
'ಬೆಳಿಗ್ಗೆ ಮರಗೆಣಸು ಹೂತಿಟ್ಟೆವು ಹುಡುಗಾ,
ಅರ್ಧ ಗಂಟೆಗೆ ಬೆಂದಿತ್ತು.
ಉಪ್ಪು ತರುವುದು ಮರೆತಿದ್ದೆವು.
ಬೂಟಿನ ಅಟ್ಟೆ ಕರಗಿದೆ. ಇದು ಎರಡನೇ ಜೊತೆ.
ಪೆಟ್ರೋಲು ಸಂಜೆವರೆಗೆ ಬರುತ್ತದೆ. ಆಮೇಲೆ?'

ಆಮೇಲೆ ಏನೆಂದು ಇಬ್ಬರಿಗೂ ಗೊತ್ತು.
ಚುಕ್ಕಿಯಿಲ್ಲದ ಊರಿಗೆ ಪೆಟ್ರೋಲಿನ ಚೀಟಿ ಇಲ್ಲ.

'ಮೇಲಿಂದ ಹೇಗೆ ಕಾಣುತ್ತದೆ?' ಕೇಳಿದಳು.
'ಬೆಳ್ಳಗೆ.'
'ಇಲ್ಲೂ ಹಾಗೇ,' ಎಂದಳು.

ಫೋನಿಟ್ಟು ಬಹಳ ಹೊತ್ತು ಕೂತೆ.
ಫ್ಯಾನಿನ ರೆಕ್ಕೆಗೂ ಬೂದಿ ಹತ್ತಿತ್ತು.
ಆಮೇಲೆ, ಆರು ವರ್ಷದ ಕೆಲಸದಲ್ಲಿ ಮೊದಲ ಸಲ,
ಕೈಯಾರೆ ಒಂದು ಚುಕ್ಕಿ ಇಟ್ಟೆ,
ನದಿ ಎಡಕ್ಕೆ ತಿರುಗುವಲ್ಲಿ, ಕಾಲುವೆಯ ಬದಿಗೆ.
ಹನ್ನೆರಡು.

ದಿನಾಂಕ ಕೇಳಿತು, ಹಾಕಿದೆ.
ಗಂಟೆ ಕೇಳಿತು, ಹಾಕಿದೆ.
ಮೂಲ ಯಾವುದು ಎಂದು ಕೇಳಿತು.
ಉಳಿದ ಹನ್ನೊಂದರ ಮುಂದೆ ಉಪಗ್ರಹದ ಹೆಸರಿತ್ತು.
ಕರ್ಸರು ಮಿನುಗುತ್ತಲೇ ಇತ್ತು.
ಬೂಟು, ಎಂದು ಬರೆದೆ.