ನಡುಹಗಲ ಚೀಟಿ

ನಾಪೋಕ್ಲು ಸಂತೆ ಬೀದಿಯ ನನ್ನ ರಿಪೇರಿ ಅಂಗಡಿಯ ಬಾಗಿಲಿಗೆ
ಒಂದು ಸ್ಲೇಟು ತೂಗುತ್ತದೆ.
ಊಟಕ್ಕೆ ಹೋದರೂ ಬರೆದಿಟ್ಟೇ ಹೋಗುತ್ತೇನೆ:
ಹೊರಟದ್ದು ಒಂದಕ್ಕೆ. ಬೇತು ರಸ್ತೆ. ಬರುವುದು ಎರಡೂ ಕಾಲಿಗೆ.
ಜನ ನಗುತ್ತಾರೆ.
'ಚಿಟ್ಟಿಯಪ್ಪಣ್ಣ, ನಿಮ್ಮನ್ನು ಯಾರು ಕದ್ದೊಯ್ಯುತ್ತಾರೆ?'

ಇಲ್ಲಿಂದ ಕಡಲು ಕಾಣುವುದಿಲ್ಲ.
ಕಾವೇರಿ ಕೂಡ ಹತ್ತಿರದ ಕಡಲಿಗೆ ಬೆನ್ನು ಹಾಕಿ
ದೂರದ್ದನ್ನೇ ಆರಿಸಿಕೊಂಡಿದ್ದಾಳೆ.
ನಾನು ಹತ್ತಿರದ್ದಕ್ಕೆ ಇಳಿದೆ, ಹದಿನೆಂಟು ವರ್ಷ,
ಸರಕಿನ ಹಡಗುಗಳ ರೇಡಿಯೋ ಕೋಣೆಗೆ.
ಅದಿರು, ಗೋಧಿ, ಒಮ್ಮೆ ಬರೀ ಸಕ್ಕರೆ.

ದಿನಾ ನಡುಹಗಲು ಮೇಲಿನಿಂದ ಒಂದು ಚೀಟಿ ಬರುತ್ತಿತ್ತು:
ಅಕ್ಷಾಂಶ, ರೇಖಾಂಶ, ಮೂತಿ ಎತ್ತ, ವೇಗ ಎಷ್ಟು,
ಮುಂದಿನ ಬಂದರು ಯಾವುದು, ಡಾಕ್ಟರ್ ಇದ್ದಾನೋ ಇಲ್ಲವೋ.
ನಾನು ಕುಟ್ಟಿ ಕಳಿಸುತ್ತಿದ್ದೆ.
ದಡದಲ್ಲಿ ಯಾರೋ ನಕ್ಷೆಗೆ ಒಂದು ಗುಂಡುಸೂಜಿ ಚುಚ್ಚುತ್ತಿದ್ದರು.
ಧನ್ಯವಾದ ಬರುತ್ತಿರಲಿಲ್ಲ. ಬರಬೇಕಾಗಿಯೂ ಇರಲಿಲ್ಲ.
ಬಟ್ಟೆಯ ಯಾವ ಅಂಚು ಹಿಡಿದಿದ್ದೇನೆಂದು
ಸೂಜಿಗೇನು ಗೊತ್ತು?

ಕಡಲಿನಲ್ಲಿ ಠಾಣೆಯಿಲ್ಲ, ಆಸ್ಪತ್ರೆಯಿಲ್ಲ.
ದಡದ ದೋಣಿ ತಲುಪಲು ಎರಡು ಹಗಲು,
ಹೆಲಿಕಾಪ್ಟರಿಗೆ ಅರ್ಧ ದಾರಿಯಲ್ಲೇ ಎಣ್ಣೆಯ ಚಿಂತೆ.
ಅದಕ್ಕೇ ಯಾರಾದರೂ ಕೂಗಿದರೆ ಅವರು ನಕ್ಷೆ ನೋಡುತ್ತಾರೆ:
ಆ ದಾರಿಯಲ್ಲಿ ಯಾರಿದ್ದಾರೆ?
ಅಕ್ಕಿ ಹೊತ್ತವರೋ, ಡಾಂಬರು ಹೊತ್ತವರೋ, ಯಾರಾದರೇನು.

ಮಿನಿಕಾಯ್ ಪಶ್ಚಿಮಕ್ಕೆ ಒಂದು ರಾತ್ರಿ ನಮ್ಮ ಹೆಸರು ಹಿಡಿದು ಕರೆದರು.
ಮೂವತ್ತೆಂಟು ಮೈಲಿ. ತಿರುಗಿದೆವು.
ಅಷ್ಟು ದೊಡ್ಡ ಹಡಗು ತಿರುಗಿತೆಂಬುದಕ್ಕೆ
ಚಹಾ ಲೋಟದೊಳಗಿನ ವಾಲು ಒಂದೇ ಸಾಕ್ಷಿ.
ಏಳು ಜನ ಸಿಕ್ಕರು. ಒಬ್ಬ ಕೈಯ ಟಾರ್ಚು ಬಿಡಲೇ ಇಲ್ಲ,
ಬೆಳಕು ಹರಿದ ಮೇಲೂ.
ಈ ಕಥೆಯನ್ನು ಮದುವೆಗಳಲ್ಲಿ ಹೇಳಿದ್ದೇನೆ,
ಗ್ಲಾಸು ತುಂಬಿಸುವವರ ಮುಂದೆ.
ಪ್ರತಿ ಸಲವೂ ಅಲೆ ಒಂದು ಗೇಣು ಬೆಳೆದಿದೆ.

ಇನ್ನೊಂದನ್ನು ಹೇಳಿಲ್ಲ.

ನವೆಂಬರ್. ನನಗೆ ಜ್ವರ.
ಮೂರು ನಡುಹಗಲಿನ ಚೀಟಿಗಳು ಮೇಜಿನ ಮೇಲೆಯೇ ಉಳಿದವು.
'ಬಿಡಯ್ಯ, ಕಡ್ಡಾಯವೇನಲ್ಲ' ಎಂದ ಕಪ್ತಾನ.
ನಿಜ. ಕಡ್ಡಾಯವಿರಲಿಲ್ಲ.

ಬಂದರು ಸೇರಿದ ಮೇಲೆ, ಮೀನು ಸುತ್ತಿದ್ದ ಪತ್ರಿಕೆಯಲ್ಲಿ ಓದಿದೆ:
ಮಂಗಳೂರಿನಿಂದ ಹೆಂಚು ಹೊತ್ತು ಹೊರಟ ಮಂಜಿ
ದ್ವೀಪ ಮುಟ್ಟಲಿಲ್ಲ.
ದಿನ, ಜಾಗ, ಎರಡೂ ಇದ್ದವು.
ಡಿವೈಡರ್ ತೆಗೆದು ಅಳೆದೆ. ಇಪ್ಪತ್ತಾರು ಮೈಲಿ.
ಮತ್ತೆ ಅಳೆದೆ.

ದಡದವರು ನಕ್ಷೆ ನೋಡಿರುತ್ತಾರೆ.
ಸೂಜಿಯಿಲ್ಲ, ಬರೀ ನೀಲಿ.
ಕೇಳಿದವರು ಯಾರಾದರೂ ಬನ್ನಿ ಎಂದು ಗಾಳಿಗೆ ಕೂಗಿರುತ್ತಾರೆ,
ಹೆಸರು ಹಿಡಿದು ಕರೆಯಲು ಹೆಸರೇ ಇಲ್ಲದೆ.
ಆ ಸಂಜೆ ಊಟದ ಕೋಣೆಯಲ್ಲಿ ನಮ್ಮವರು ಕ್ಯಾರಂ ಆಡುತ್ತಿದ್ದರು.
ಸ್ಟ್ರೈಕರಿನ ಸದ್ದು ನನ್ನ ಮಂಚದವರೆಗೂ ಕೇಳುತ್ತಿತ್ತು.
ಕೆಂಪು ಕಾಯಿ ಬಿದ್ದಾಗ ಚಪ್ಪಾಳೆ.

ನಾವು ಹೋಗಿದ್ದರೆ ಸಿಗುತ್ತಿದ್ದರೋ ಇಲ್ಲವೋ,
ಯಾವ ಲೆಕ್ಕದ ಪುಸ್ತಕದಲ್ಲೂ ಇಲ್ಲ.
ಕಡಲು ಖಾಲಿಯಿರಲಿಲ್ಲ ಎಂಬುದೊಂದು ಮಾತ್ರ
ನನಗೆ ಗೊತ್ತು.

ಈಗ ಹನ್ನೆರಡು ಡಿಗ್ರಿ ಹದಿನೆಂಟು ಉತ್ತರ,
ಎಪ್ಪತ್ತೈದು ನಲವತ್ತೊಂದು ಪೂರ್ವ. ವೇಗ ಸೊನ್ನೆ.
ಮಾಕುಟ್ಟದ ತಿರುವುಗಳನ್ನು ಹತ್ತಿ ತಲಶ್ಶೇರಿಯ ಮೀನು
ಬೆಳಿಗ್ಗೆ ಇಲ್ಲಿಗೆ ಬರುತ್ತದೆ.
ಮೊಯ್ದುಟ್ಟಿ ಐಸು ಕೆರೆಯುವಾಗ ದಿನಾ ಕೇಳುತ್ತೇನೆ:
'ನಿನ್ನ ಭಾವ ದೋಣಿ ಹತ್ತುವಾಗ ಎತ್ತ ಎಂದು ಹೇಳಿ ಹೋಗುತ್ತಾನಾ?'
ದಿನಾ ಅವನದ್ದು ಒಂದೇ ಉತ್ತರ:
'ಬಂಗುಡೆಯೋ, ಮತ್ತಿಯೋ?'

ಇವತ್ತು ಮಾತ್ರ ತಕ್ಕಡಿಯಿಂದ ತಲೆ ಎತ್ತದೆ ಹೇಳಿದ:
'ನಿನ್ನೆ ಎರಡೂ ಕಾಲು ಎಂದು ಬರೆದಿದ್ದಿರಿ.
ಮೂರಾದರೂ ಬೀಗ ಹಾಗೇ ಇತ್ತು.
ಸ್ಕೂಟರ್ ಹೊರಗೆ ತೆಗೆದಿದ್ದೆ.'

ನನಗೆ ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ.
ಬಂಗುಡೆಯೇ ಕೊಡು, ಎಂದೆ.